ಉಪದೇಶಿಯ ದೃಷ್ಟಾಂತ

ರೇಣಮ್ಮನಿಗೆ ಮಾವನನ್ನು ಕಂಡರೆ ಹೇಸಿಕೆ ಹುಟ್ಟಿ ಎಂಟು ವರ್ಷವಾಗಿತ್ತು. ಸಿಟ್ಟಾಗಿದ್ದರೆ ಯಾವಾಗಲೋ ಆರಿಹೋಗುತ್ತಿತ್ತು. ಹೇಸಿಕೆ ಆರುವ ಜಾತಿಯದಲ್ಲ. ಅದು ಒಲೆಯ ಮುಂದೆ ಕೂತಾಗ ಬರುತ್ತಿತ್ತು, ಅವನ ಧೋತರ ಒಗೆಯುವಾಗ ಬರುತ್ತಿತ್ತು. ಅವನು ರೊಟ್ಟಿಯನ್ನು ಬೇಳೆಯಲ್ಲಿ ಮುರಿದು ಹಾಕಿ, ಐದೂ ಬೆರಳು ಮುಳುಗಿಸಿ ಸೊರ್ರನೆ ಎಳೆದುಕೊಳ್ಳುವಾಗಲಂತೂ ಅವಳು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಆದರೂ ಎಂಟು ವರ್ಷ ಅವನಿಗೆ ರೊಟ್ಟಿ ಬಡಿದು ಹಾಕಿದ್ದಳು. ಅತ್ತೆ ತೀರಿಹೋಗಿದ್ದಳು. ಗಂಡ ದ್ಯಾವಪ್ಪ ಯಾದಗಿರಿಯಲ್ಲಿ ರೈಲು ಹಳಿಯ ಕೂಲಿ, ತಿಂಗಳಿಗೊಮ್ಮೆ ಮನೆಗೆ ಬರುವವನು. ಮುದುಕನಿಗೆ ಅನ್ನ ಹಾಕುವವರು ಮತ್ಯಾರು?

ಮಾವನ ಹೆಸರು ಯಾಕೋಬಪ್ಪ. ಸುರಪುರದ ಬೆಟ್ಟದ ಹಿಂದಿನ ಕೇರಿಗೆ ಅವನು ಉಪದೇಶಿ. ಕೇರಿಯೆಂದರೆ ನಲವತ್ತು ಮನೆ. ಒಂದು ಕಾಲಕ್ಕೆ ಎಲ್ಲರೂ ಮಾದಿಗರು, ಚರ್ಮ ಹದ ಮಾಡುವವರು, ಗೌಡನ ಬಿಟ್ಟಿ ಚಾಕರಿಗೆ ಓಡುವವರು. ದೀಕ್ಷಾಸ್ನಾನವಾಗಿ ಇಪ್ಪತ್ತೈದು ವರ್ಷ ಕಳೆದಿದ್ದರೂ ಚರ್ಮದ ವಾಸನೆ ಬಿಟ್ಟಿರಲಿಲ್ಲ, ಬಿಟ್ಟಿ ಚಾಕರಿಯೂ ತಪ್ಪಿರಲಿಲ್ಲ. ಪಾದ್ರಿಗಳು ಇರುವುದು ಯಾದಗಿರಿಯಲ್ಲಿ. ವರ್ಷಕ್ಕೆ ಮೂರು ಸಲ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಕೇರಿಗೆ ಪಾದ್ರಿಯೂ ಯಾಕೋಬಪ್ಪನೇ, ಪಂಚನೂ ಅವನೇ, ಅಮೀನನೂ ಅವನೇ.

ಅವನ ಬಾಯಲ್ಲಿ ಇದ್ದದ್ದು ಒಂದೇ ಉಪದೇಶ: ದೇವರಿಗೆ ಅಂಜಿ ನಡೀರಿ. ಬಿಳಿ ಕೋಟು ತೊಟ್ಟು, ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಸುರಪುರದ ಕಡೆ ಹತ್ತು ಹಳ್ಳಿ, ಶಹಾಪುರದ ಕಡೆ ಹತ್ತು ಹಳ್ಳಿ ತಿರುಗುವನು. ಎಲ್ಲಿ ಹೋದರೂ ನರಕದ ಬೆಂಕಿ, ನರಕದ ಹುಳ. ಆ ಹುಳಕ್ಕೆ ಸಾವೇ ಇಲ್ಲ, ತಿನ್ನುತ್ತಲೇ ಇರುತ್ತದೆ ಎನ್ನುವಾಗ ಅವನ ತುಟಿಯ ಎರಡೂ ಮೂಲೆಗೆ ಬಿಳಿ ನೊರೆ ಕಟ್ಟುತ್ತಿತ್ತು. ಜನ ನಡುಗುತ್ತಿದ್ದರು. ನಡುಗಿದವರು ಹೋಗುವಾಗ ಒಂದು ಕೋಳಿಯನ್ನೋ ಸೇರು ಜೋಳವನ್ನೋ ಕೊಟ್ಟು ಕಳಿಸುತ್ತಿದ್ದರು. ಉಪದೇಶದ ಕೊನೆಗೆ ಒಂದು ದೃಷ್ಟಾಂತ. ಎಂಟು ವರ್ಷದಿಂದ ಅದೇ ದೃಷ್ಟಾಂತ.

“ನಮ್ಮ ಕೇರ್ಯಾಗ ಒಬ್ಬಾಕಿ ಇದ್ದಳು. ಖರೇ ದೇವರನ್ನ ಬಿಟ್ಟು ಕಲ್ಲಿಗಿ ಕಾಯಿ ಒಡದಳು. ಮೂರನೇ ದಿನಕ್ಕ ದೇವರು ಆಕಿ ತೊಡಿ ಮ್ಯಾಲಿನ ಕೂಸನ್ನ ಕಸಗೊಂಡ. ನೋಡ್ರಿ, ನಮ್ಮ ದೇವರು ಹಂಗಿದ್ದಾನ!”

ಆ ಒಬ್ಬಾಕಿ ರೇಣಮ್ಮನ ಒಡಹುಟ್ಟಿದ ತಂಗಿ, ಮೌನಮ್ಮ.

ಆ ವರ್ಷ ಕೇರಿಗೆ ಸಿಡುಬು ಬಂದಿತ್ತು. ಮೌನಮ್ಮನ ಹನ್ನೊಂದು ತಿಂಗಳ ಹೆಣ್ಣುಕೂಸು ಮಲ್ಲಿ ಮೈತುಂಬ ಗುಳ್ಳೆ ಎದ್ದು, ಕಣ್ಣು ಮುಚ್ಚಿಹೋಗಿ, ಮೊಲೆ ಬಾಯಿಗಿಟ್ಟರೆ ಚೀಪುವ ತ್ರಾಣವೂ ಇಲ್ಲದೆ ಮಲಗಿತ್ತು. ಮೌನಮ್ಮನ ಅತ್ತೆ ಹಳೆಯ ಕಾಲದವಳು. ಕೇರಿಯ ಹಳೆಯ ದೇವತೆ ಮರಗಮ್ಮನಿಗೆ ಮೊಸರನ್ನ, ಒಂದು ತೆಂಗಿನಕಾಯಿ ಕೊಟ್ಟು ಬಾ ಎಂದಳು. ಸಾಯುವ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡವಳು ಯಾರ ಮಾತನ್ನು ತಾನೇ ಕೇಳುವುದಿಲ್ಲ? ಕೊಟ್ಟು ಬಂದಳು. ಸುದ್ದಿ ಯಾಕೋಬಪ್ಪನಿಗೆ ಹೋಯಿತು. ಐತವಾರ ಕೂಸಿನ ಸಮೇತ ಅವಳನ್ನು ಕರೆಸಿ, ಪ್ರಾರ್ಥನೆಯ ಗುಡಿಯ ಮುಂದೆ ಗರಸುಕಲ್ಲಿನ ಮೇಲೆ ಮೊಣಕಾಲೂರಿಸಿದ. ಬಿಸಿಲು. ಕೂಸು ಬೆಕ್ಕಿನ ಮರಿಯ ಹಾಗೆ ಕುಂಯ್ಗುಡುತ್ತಿತ್ತು. ಅವನು ಅರ್ಧ ತಾಸು ಉಪದೇಶ ಮಾಡಿದ. “ಈ ಕೂಸು ಉಳಿಯೂದಿಲ್ಲ, ದೇವರು ಬಿಡೂದಿಲ್ಲ” ಎಂದ. ಮರುದಿನ ಕೂಸು ಸತ್ತಿತು. ಮಣ್ಣು ಹಾಕುವಾಗ ಅವನು ಕುಣಿಯ ಮುಂದೆ ನಿಂತು, “ನೋಡಿದ್ರ್ಯಾ?” ಎಂದ. ಆ ದನಿಯಲ್ಲಿ ದುಃಖವಿರಲಿಲ್ಲ. ತನ್ನ ಮಾತು ನಿಜವಾಯಿತೆಂಬ ಹಿಗ್ಗಿತ್ತು. ರೇಣಮ್ಮನಿಗೆ ಹೇಸಿಕೆ ಹುಟ್ಟಿದ್ದು ಅಲ್ಲಿ, ಆ ಕುಣಿಯ ಪಕ್ಕದಲ್ಲಿ.

ಮೌನಮ್ಮ ಕೇರಿ ಬಿಟ್ಟು ಬೋನಾಳಕ್ಕೆ ಹೋದಳು. ಮತ್ತೊಂದು ಹಡೆಯುವುದಕ್ಕೆ ಅಂಜಿ ಗಂಡನನ್ನು ಹತ್ತಿರ ಬಿಡಲಿಲ್ಲ. ಅವನು ಹುಣಸಗಿಯಲ್ಲಿ ಇನ್ನೊಬ್ಬಳನ್ನು ಮಾಡಿಕೊಂಡ. ಮೌನಮ್ಮ ಬೋನಾಳದ ಕೆರೆಯ ದಂಡೆಯಲ್ಲಿ ಗುಡಿಸಲು ಹಾಕಿಕೊಂಡು, ಬೆಸ್ತರಿಂದ ಮೀನು ಕೊಂಡು, ಹಸನು ಮಾಡಿ ಒಣಗಿಸಿ ಸಂತೆಗೆ ಒಯ್ದು ಮಾರುತ್ತಿದ್ದಳು.

ನಿಜಾಮ ಸರ್ಕಾರದವರು ಯುದ್ಧದ ಹೆಸರಿನಲ್ಲಿ ಮನೆಮನೆಯ ಜೋಳ ಅಳೆದುಕೊಂಡು ಹೋದ ವರ್ಷ, ಬೇಸಿಗೆಯಲ್ಲಿ, ಯಾಕೋಬಪ್ಪನ ಬಲಗಾಲಿಗೆ ನಾರುಹುಣ್ಣು ಎದ್ದಿತು.

ಆ ಸೀಮೆಯವರಿಗೆ ಇದು ಹೊಸದಲ್ಲ. ಮೆಟ್ಟಿಲಬಾವಿಯ ನೀರು ಕುಡಿದವರಿಗೆ ವರ್ಷ ತುಂಬುವುದರೊಳಗೆ ಕಾಲಲ್ಲಿ ಗುಳ್ಳೆಯೆದ್ದು, ಗುಳ್ಳೆ ಒಡೆದು, ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹೊರಹಾಕುತ್ತದೆ. ಮೊಳದುದ್ದ, ಎರಡು ಮೊಳದುದ್ದ. ಅದನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲದಷ್ಟು ಬಿಡಿಸಬೇಕು. ಜಗ್ಗಿದರೆ ಹರಿಯುತ್ತದೆ. ಹರಿದ ತುಂಡು ಒಳಗೇ ಕೊಳೆತು, ಕಾಲು ಬಾತು, ಮನುಷ್ಯ ಕುಂಟನಾಗುತ್ತಾನೆ. ಕೆಲವರು ಸತ್ತೂ ಹೋಗುತ್ತಾರೆ. ಯಾಕೋಬಪ್ಪನ ಕಾಲಲ್ಲಿ ಎರಡು ಕಡೆ ಎದ್ದಿತ್ತು, ಪಾದದ ಮೇಲೊಂದು, ಮೀನಖಂಡದಲ್ಲೊಂದು. ಪಾದದ್ದನ್ನು ಅವನೇ ಅವಸರಪಟ್ಟು ಜಗ್ಗಿ ಹರಿದುಕೊಂಡ. ನಾಲ್ಕು ದಿನದಲ್ಲಿ ಪಾದ ಕುಂಬಳಕಾಯಿಯಾಯಿತು. ಕೀವು ಸೋರಿ ಕೌದಿ ನೆನೆಯಿತು. ನೊಣ ಮುತ್ತಿದವು.

ರೇಣಮ್ಮ ದಿನಾ ಮುಂಜಾನೆ ಮೂಗಿಗೆ ಸೆರಗು ಕಟ್ಟಿಕೊಂಡು, ಬಿಸಿನೀರು, ಬೇವಿನೆಲೆಯ ಕಷಾಯ, ಕಾಯಿಸಿದ ಔಡಲೆಲೆ ತೆಗೆದುಕೊಂಡು ಅವನ ಕಾಲ ಬುಡದಲ್ಲಿ ಕೂರುತ್ತಿದ್ದಳು. ಪಾದದ ಕೀವು ಹಿಂಡುವಳು. ಅದರ ವಾಸನೆ ಸತ್ತ ದನದ ತೊಗಲಿನ ವಾಸನೆಗಿಂತ ಕೆಟ್ಟದ್ದು. ಕೈ ಎಷ್ಟು ತಿಕ್ಕಿದರೂ ಹೋಗದೆ ಅವಳು ನಾದಿದ ಹಿಟ್ಟಿಗೂ ಬರುತ್ತಿತ್ತು. ಆಮೇಲೆ ಮೀನಖಂಡದ ಹುಳವನ್ನು ಕಡ್ಡಿಗೆ ಒಂದು ಸುತ್ತು ಸುತ್ತುವಳು. ಅದು ಬೆರಳಿಗೆ ತಣ್ಣಗೆ ತಾಗುತ್ತಿತ್ತು, ಮಿಸುಕುತ್ತಿತ್ತು.

ಅದಕ್ಕಿಂತ ಹೇಸಿಕೆಯೆಂದರೆ ಮುದುಕನ ಬಾಯಿ.

“ಹುಳಾನ ಕಳಿಸ್ಯಾನಲ್ಲ ವಾ ರೇಣವ್ವಾ! ನಾ ಸಾರಿದ ಹುಳಾನ ಕಳಿಸ್ಯಾನಲ್ಲ! ನರಕ ಇಲ್ಲಿಂದನ ಸುರು ಆತೇನ?” ಎಂದು ಬಡಬಡಿಸುವನು. ಆಮೇಲೆ ದೇವರ ಸಂಗಡ ಚೌಕಾಸಿ. “ಸ್ವಾಮಿ, ಕಾಲು ಉಳಿಸಿದರ ಗುಡಿಗಿ ಹಂಚು ಹೊದಿಸ್ತೀನಿ. ಒಂದು ಗ್ಯಾಸಬತ್ತಿ ಕೊಡ್ತೀನಿ. ಎರಡು ಕೊಡ್ತೀನಿ.” ಸಂತೆಯಲ್ಲಿ ಎತ್ತಿನ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಾರಲ್ಲ, ಹಾಗೆ. ಇಪ್ಪತ್ತು ಹಳ್ಳಿಯ ಜನರನ್ನು ನಡುಗಿಸಿದ ಬಾಯಿ ಇದೇ ಏನು ಎಂದು ರೇಣಮ್ಮ ಒಮ್ಮೊಮ್ಮೆ ಅವನ ಮುಖವನ್ನೇ ನೋಡುತ್ತಿದ್ದಳು. ಜೊಲ್ಲು ಗಡ್ಡಕ್ಕಿಳಿದಿರುತ್ತಿತ್ತು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಬಾವು ಮೊಣಕಾಲು ದಾಟಿ ಮೇಲೇರಿದೆಯೇ ಎಂದು ನೋಡಲು ಅವಳು ಧೋತರದ ಅಂಚನ್ನು ತುಸು ಸರಿಸಿದಳು. ಮೊಣಕಾಲಿನ ಮೇಲೆ ತೊಡೆಗೆ ಒಂದು ದಾರ ಬಿಗಿದಿತ್ತು. ಅರಿಷಿಣ ಹಚ್ಚಿದ ದಾರ. ಅದಕ್ಕೆ ಒಂದು ಬೇವಿನ ಕಡ್ಡಿ, ಕುಂಕುಮ ಮೆತ್ತಿದ ಚಿಂದಿಯ ಗಂಟು.

ಆ ಗಂಟು ಯಾರ ಗುಡಿಯದೆಂದು ಕೇರಿಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಮರಗಮ್ಮನದು.

“ಇದೇನ್ರಿ ಮಾವಾರ?”

ಮುದುಕ ಗಬಕ್ಕನೆ ಕೈಯಿಂದ ಮುಚ್ಚಿಕೊಂಡ. “ಬಾಜು ಮನಿ ಹಣಮಂತಮ್ಮ ಕಟ್ಟಿ ಹೋದಳ ವಾ. ನಾ ಬ್ಯಾಡ ಅಂದೆ.”

“ನೀವು ಬ್ಯಾಡ ಅಂದಮ್ಯಾಲ ಈ ಕೇರ್ಯಾಗ ಕಟ್ಟೋ ಧೈರ್ಯ ಯಾರಿಗದ್ರಿ?”

ಅವನು ಧೋತರವನ್ನು ಕೆಳಗೆ ಎಳೆದುಕೊಂಡ.

“ಕಾಯಿನೂ ಒಡಿಸಿರೇನು?”

“...ಒಂದು.”

ರೇಣಮ್ಮ ಎದ್ದು ಹೊರಗೆ ಹೋದಳು. ಹಿತ್ತಲ ಗೋಡೆ ಹಿಡಿದು ನಿಂತು ವಾಂತಿ ಮಾಡಿಕೊಂಡಳು. ಕೀವಿನ ವಾಸನೆಗೆ ಹತ್ತು ದಿನ ಹೊರಳದ ಹೊಟ್ಟೆ ಆ ಒಂದು ದಾರಕ್ಕೆ ಹೊರಳಿತ್ತು. ಬಾಯಿ ಮುಕ್ಕಳಿಸಿ ಸ್ವಲ್ಪ ಹೊತ್ತು ಅಲ್ಲೇ ಕೂತಳು. ಒಳಗೆ ಹೋಗದೆಯೇ ಇರಬಹುದಿತ್ತು. ಆದರೆ ಹುಳ ಅರ್ಧ ಸುತ್ತಿ ಬಿಟ್ಟು ಬಂದಿದ್ದಳು. ಹಾಗೇ ಬಿಟ್ಟರೆ ಒಣಗಿ ಹರಿಯುತ್ತದೆ. ಹೋದಳು. ಕೂತಳು. ಕಡ್ಡಿ ಕೈಗೆ ತೆಗೆದುಕೊಂಡಳು.

“ಮೌನಿನೂ ಒಂದ ಕಾಯಿ ಒಡಿಸಿದ್ದಳ್ರಿ” ಎಂದಳು.

ಯಾಕೋಬಪ್ಪ ಅತ್ತ. ಅಳುವಾಗಲೂ ಅವನಿಗೆ ಉಪದೇಶದ ರಾಗ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ರಾಗ ಬಿಟ್ಟಿತು. “ಅಂಜಿಕಿ ಆತವ್ವಾ” ಎಂದ. “ನಿನಗ ಗೊತ್ತಿಲ್ಲ. ನಾ ಹತ್ತು ವರ್ಷದಾಂವ ಇದ್ದಾಗ ಗೌಡನ ಕುದುರಿಗಿ ಹುಲ್ಲು ತರೂದು ತಡ ಆತಂತ ನಮ್ಮಪ್ಪನ್ನ ಕಂಬಕ್ಕ ಕಟ್ಟಿ ಬಾರಕೋಲಿನಿಂದ ಹೊಡದ್ರು. ನಮ್ಮಪ್ಪ ಆ ಗೌಡನ ಕಾಲಾಗಿನ ಜೋಡು ಹೊತಗೊಂಡು ನಕ್ಕೋತ ಮನಿಗಿ ಬಂದ. ಯಾಕಂದರ ಇನ್ನೂ ಹೊಡೀಲಿಲ್ಲಲ್ಲ ಅಂತ. ದೇವರು ಪ್ರೀತಿ ಮಾಡ್ತಾನ ಅಂತ ಪಾದ್ರಿಗಳು ಹೇಳಿದ್ರು. ಪ್ರೀತಿ ಮಾಡೋ ಧಣಿನ್ನ ನಾ ಕಂಡಿಲ್ಲವಾ. ಹೊಡಿಯೋ ಧಣಿನ್ನ ಕಂಡೇನಿ. ಕಂಡದ್ದು ಸಾರಿದೆ.”

ಬೇರೆ ಯಾರಾದರೂ ಆಡಿದ್ದರೆ ಆ ಮಾತು ರೇಣಮ್ಮನ ಕರುಳು ಹಿಂಡುತ್ತಿತ್ತು. ಅವಳಪ್ಪನ ಬೆನ್ನ ಮೇಲೂ ಅಂಥ ಬಾಸುಂಡೆ ಇದ್ದವು. ಆದರೆ ಆ ಹೊತ್ತಿಗೆ ಅವಳಿಗೆ ಕಂಡದ್ದು ಒಂದೇ: ಈ ಮನುಷ್ಯ ಗೌಡನ ಕೈಯ ಬಾರುಕೋಲನ್ನು ಇಸಕೊಂಡು, ದೇವರ ಕೈಗೆ ಕೊಟ್ಟು, ಹನ್ನೊಂದು ತಿಂಗಳ ಕೂಸಿನ ಮೇಲೆ ಬೀಸಿಸಿದ್ದಾನೆ. ಈಗ ಅದು ತನ್ನ ಕಡೆ ತಿರುಗಿತೆಂದ ಕೂಡಲೇ ಮರಗಮ್ಮನ ಸೆರಗಿನಲ್ಲಿ ಅಡಗಿದ್ದಾನೆ. ಇವನಿಗೆ ಯಾವ ದೇವರೂ ಬೇಕಾಗಿಲ್ಲ. ಇವನಿಗೆ ಬೇಕಾದದ್ದು ಇವನ ಚರ್ಮ.

ಅವಳ ಬೆರಳು ಕಡ್ಡಿಯ ಮೇಲೆ ಬಿಗಿಯಿತು. ಹುಳ ತಂತಿಯ ಹಾಗೆ ಸೆಟೆಯಿತು. ಮುದುಕ “ಯವ್ವಾ” ಎಂದು ಚೀರಿದ.

ಒಂದು ಸಲ ಜಗ್ಗಿದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ನಾರು ತಾನಾಗಿಯೂ ಹರಿಯುತ್ತದೆ. ಪಾದ ಆಗಲೇ ಕೊಳೆತಿದೆ. ಮೀನಖಂಡವೂ ಕೊಳೆತರೆ ಮಳೆಗಾಲ ಬರುವುದರೊಳಗೆ ಮುದುಕನಿಗೆ ಮಣ್ಣಾಗುತ್ತದೆ. ಇಪ್ಪತ್ತು ಹಳ್ಳಿಯಲ್ಲಿ ತಂಗಿಯ ಕೂಸಿನ ದೃಷ್ಟಾಂತ ನಿಲ್ಲುತ್ತದೆ. ದೇವರು ಹೊಡೆಯುತ್ತಾನೆಯೇ? ಹೊಡೆಯಲಿ. ಆ ಹೊಡೆತಕ್ಕೆ ಅವಳು ಅಂಜುವವಳಾಗಿರಲಿಲ್ಲ. ಅಂಥ ದೇವರನ್ನು ಅವಳು ಎಂಟು ವರ್ಷದ ಹಿಂದೆಯೇ ಮನಸ್ಸಿನಲ್ಲಿ ಉಗುಳಿ ಬಿಟ್ಟಿದ್ದಳು.

ಆದರೂ ಕೈ ನಡುಗಿತು.

ಯಾಕೆ ನಡುಗಿತೆಂದು ಮೊದಲು ಅವಳಿಗೇ ತಿಳಿಯಲಿಲ್ಲ. ನೆನಪಿಗೆ ಬಂದದ್ದು ಅವ್ವ, ಶೇಖಮ್ಮ. ರೇಣಮ್ಮ ಏಳು ವರ್ಷದವಳಿದ್ದಾಗ ಮೌನಿಯನ್ನು ಸೊಂಟದ ಮೇಲೆ ಹೊತ್ತು ಕುಂಟಾಟ ಆಡಲು ಹೋಗಿ, ಕಲ್ಲಿನ ಮೇಲೆ ಕೆಡವಿದ್ದಳು. ಕೂಸಿನ ಹಣೆ ಒಡೆದು ರಕ್ತ. ಅವ್ವ ಕೊಲ್ಲುತ್ತಾಳೆಂದು ಓಡಿಹೋಗಿ ಕಣಕಿಯ ಬಣವೆಯ ಹಿಂದೆ ಅಡಗಿ ಕೂತಳು. ಹೊತ್ತು ಇಳಿಯುವ ಮುಂದೆ ಅವ್ವ ಹುಡುಕಿಕೊಂಡು ಬಂದಳು. ಕೈಯಲ್ಲಿ ಕೋಲಿರಲಿಲ್ಲ. ಪಕ್ಕಕ್ಕೆ ಕೂತು, ರೇಣಿಯ ಎರಡೂ ಕೈ ಹಿಡಿದು ಹೊರಳಿಸಿ ನೋಡಿ, “ನಿನಗೆಲ್ಲೆರ ಬಡದದೇನು?” ಎಂದು ಕೇಳಿದಳು. ಅಷ್ಟೇ. ಅಂದಿನಿಂದ ಮೌನಿಯನ್ನು ಎತ್ತಿಕೊಳ್ಳುವಾಗಲೆಲ್ಲ ರೇಣಿಯ ಕೈ ನಡುಗುತ್ತಿತ್ತು. ಪೆಟ್ಟಿಗೆ ಅಂಜಿ ಅಲ್ಲ. ಪೆಟ್ಟು ಬೀಳುವುದಿಲ್ಲವೆಂದು ಗೊತ್ತಾದ ಮೇಲೆ ಹುಟ್ಟಿದ ನಡುಕ ಅದು.

ಈಗ ಬಂದದ್ದೂ ಅದೇ ನಡುಕ. ಮಲ್ಲಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅಳುವ ದೇವರೊಬ್ಬನಿದ್ದರೆ, ಅವನಿಗೆ ಈ ಕೊಳೆತ ಕಾಲೂ ಬೇಕು. ಈ ಜೊಲ್ಲು, ಈ ಸುಳ್ಳು, ಈ ದಾರ ಕಟ್ಟಿಕೊಂಡ ತೊಡೆ, ಎಲ್ಲ ಬೇಕು. ಅದನ್ನು ನೆನೆದರೆ ಅವಳಿಗೆ ಇನ್ನಷ್ಟು ಹೇಸಿಕೆಯಾಯಿತು. ಇಂಥವನನ್ನೂ ಬಿಡದ ಆ ಪ್ರೀತಿಯ ಮೇಲೆಯೇ ಹೇಸಿಕೆಯಾಯಿತು. ಆದರೆ ಹುಳ ಹರಿದರೆ ಆ ದೇವರು ಬಾರುಕೋಲು ಎತ್ತುವುದಿಲ್ಲ, ಪಕ್ಕಕ್ಕೆ ಬಂದು ಕೂತು ಅವಳ ಕೈ ಹೊರಳಿಸಿ ನೋಡುತ್ತಾನೆ. ಅದನ್ನು ಅವಳು ತಾಳಲಾರಳು. ಬೆಂಕಿಯಾದರೂ ತಾಳಬಹುದು.

ಅವಳು ಬೆರಳು ಸಡಿಲಿಸಿದಳು. ಹುಳ ಒಳಕ್ಕೆ ತುಸು ಸರಿಯಿತು. ಹರಿಯಲಿಲ್ಲ. ಕಡ್ಡಿಯನ್ನು ಅರಿವೆಯಿಂದ ಕಾಲಿಗೆ ಕಟ್ಟಿ, ಔಡಲೆಲೆ ಇಟ್ಟು, ಕೈ ತೊಳೆದಳು.

“ಆ ದಾರ ನೀವ ಬಿಚ್ಚಬೇಕ್ರಿ. ನಾ ಮುಟ್ಟಾಂಗಿಲ್ಲ” ಎಂದಳು. “ಕಾಲು ನೆಟ್ಟಗಾದಮ್ಯಾಲ ಬೋನಾಳಕ್ಕ ಹೋಗೂದದ.”

“ಆಕಿ ಮುಂದ ನಿಂತು ಏನ ಹೇಳ್ಲಿ?”

“ಅದು ನಿಮಗ ಗೊತ್ತಿರಬೇಕು. ಉಪದೇಶಿಗಳು ನೀವು.”

ಮೀನಖಂಡದ ನಾರು ಪೂರ್ತಿ ಹೊರಬರಲು ಇನ್ನೂ ಹದಿನೆಂಟು ದಿನ ಹಿಡಿಯಿತು. ಪಾದ ಮಾತ್ರ ಸೆಟೆದು ನಿಂತಿತು, ಕೋಲಿಲ್ಲದೆ ನಡೆಯಲಾಗದು. ಆ ನಡುವೆ ಯಾವುದೋ ಒಂದು ಮುಂಜಾನೆ ತೊಡೆಯಲ್ಲಿ ದಾರ ಇರಲಿಲ್ಲ. ಬಿಚ್ಚಿದನೋ, ತಾನೇ ಉದುರಿತೋ, ಅವಳು ಕೇಳಲಿಲ್ಲ.

ಊರಿನ ರಾಜಾಸಾಬನ ಬಂಡಿ ಚಾಪೆ ಹೆಣೆಯುವ ಆಪು ಹುಲ್ಲು ತರಲು ಬೋನಾಳಕ್ಕೆ ಹೋಗುವುದಿತ್ತು. ಅದರಲ್ಲಿ ಮಾವ ಸೊಸೆ ಇಬ್ಬರನ್ನೂ ಕೂರಿಸಿಕೊಂಡ. ಕೆರೆ ಬತ್ತಿ ಅರ್ಧಕ್ಕೆ ಬಂದಿತ್ತು. ದಂಡೆಯ ಕೆಸರು, ಹಕ್ಕಿಯ ಹಿಕ್ಕೆ, ಹಾಸಿದ ಚಾಪೆಯ ಮೇಲೆ ಒಣಗುವ ಮೀನು, ಎಲ್ಲದರ ನಾತ ಒಂದಾಗಿ ದೂರದಿಂದಲೇ ಮೂಗಿಗೆ ಹೊಡೆಯಿತು. ರಾಜಾಸಾಬ ಬಂಡಿಯನ್ನು ಜಾಲಿಗಿಡದ ಕೆಳಗೆ ನಿಲ್ಲಿಸಿ, “ನೀವು ಮಾತಾಡ್ಕೊಳ್ರಿ” ಎಂದು ಕುಡುಗೋಲು ಹಿಡಿದು ದೂರ ಹೋದ.

ಮೌನಮ್ಮ ಮೀನು ಹಸನು ಮಾಡುತ್ತ ಕೂತಿದ್ದಳು. ತಲೆಯೆತ್ತಿ ಅಕ್ಕನನ್ನು ನೋಡಿದಳು, ಹಿಂದೆ ಕೋಲೂರಿಕೊಂಡು ಬರುವವನನ್ನು ನೋಡಿದಳು. ಏಳಲಿಲ್ಲ. ಈಳಿಗೆಗೆ ಇನ್ನೊಂದು ಮೀನು ಹಚ್ಚಿದಳು.

ಯಾಕೋಬಪ್ಪ ಕೋಲು ಬಿಸುಟು ಅವಳ ಮುಂದೆ ಕೆಸರಲ್ಲಿ ಬಿದ್ದ. “ತಾಯೀ! ಮಹಾಪಾಪಿ ನಾನು! ನನ್ನ ಕ್ಷಮಾ ಮಾಡು. ನೀ ಕ್ಷಮಾ ಮಾಡಲಿಲ್ಲಂದರ ದೇವರು ನನ್ನ ಬೆಂಕಿಗಿ ಹಾಕ್ತಾನ!” ದನಿ ಕೆರೆಯ ಆಚೆ ದಂಡೆಗೆ ಕೇಳುವ ಹಾಗಿತ್ತು. ಆಚೆ ಬಲೆ ಎಳೆಯುತ್ತಿದ್ದ ಇಬ್ಬರು ಬೆಸ್ತರು ತಿರುಗಿ ನೋಡಿದರು. ರೇಣಮ್ಮನಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮೂವತ್ತು ದಿನ ಈ ಕಾಲು ತೊಳೆದದ್ದು ಇದಕ್ಕೇನು?

ಮೌನಮ್ಮ ಮೀನಿನ ಹೊಟ್ಟೆ ಸೀಳಿ ಕರುಳು ಎಳೆದು ಆಚೆ ಎಸೆದಳು. “ಅಕ್ಕಾ, ಇವರು ಯಾರ ಸಲುವಾಗಿ ಬಂದಾರ? ನನ್ನ ಸಲುವಾಗೋ, ತಮ್ಮ ಸಲುವಾಗೋ?”

ರೇಣಮ್ಮ ಕೆಸರಲ್ಲಿ ಬಿದ್ದ ಕೋಲನ್ನು ಎತ್ತಿಕೊಂಡಳು.

“ನೋಡ್ರಿ ಉಪದೇಶಿಗಳ” ಎಂದಳು ಮೌನಮ್ಮ, ಈಳಿಗೆ ಪಕ್ಕಕ್ಕೆ ಸರಿಸಿ. “ಎಲ್ಲಾ ಊರಾಗ ನನ್ನ ಕೂಸಿನ ಸುದ್ದಿ ಹೇಳಿರಂತ. ಶಹಾಪುರ ಸಂತ್ಯಾಗ ಯಾರೋ ಒಬ್ಬಾಕಿ, ಮೀನು ತಗೊಳ್ಳಾಕ ಬಂದಾಕಿ, ನನಗ ಗೊತ್ತಿಲ್ಲಂತ ತಿಳದು ನನ್ನ ಕತಿ ನನಗ ಹೇಳಿದಳು. ಇರ್ಲಿ. ನನ್ನ ಕೂಸಿನ ಹೆಸರೇನ್ರಿ?”

ಯಾಕೋಬಪ್ಪ ಕೆಸರು ಮೆತ್ತಿದ ಮುಖವನ್ನು ರೇಣಮ್ಮನ ಕಡೆ ತಿರುಗಿಸಿದ. ರೇಣಮ್ಮ ಕೆರೆಯ ಕಡೆ ನೋಡಿದಳು.

“ಗೊತ್ತಿಲ್ಲಲ್ಲ? ಎಂಟು ವರ್ಷ ಆಕಿನ್ನ ತಿಂದೀರಿ. ಹೆಸರು ಗೊತ್ತಿಲ್ಲ.” ಅವಳ ದನಿ ಏರಲಿಲ್ಲ. “ಮಲ್ಲಿ ಅಂತ. ಈಗ ಹೇಳ್ರಿ. ಮಲ್ಲಿನ್ನ ದೇವರು ಕೊಂದನೇನು?”

ಮುದುಕ ಕೆಸರಲ್ಲೇ ಎದ್ದು ಕೂತ. ರೇಣಮ್ಮನಿಗೆ ಅವನ ಸಂಕಟ ಗೊತ್ತಾಯಿತು. ಇಲ್ಲ ಎಂದರೆ ಇಪ್ಪತ್ತು ಹಳ್ಳಿಯಲ್ಲಿ ಎಂಟು ವರ್ಷ ಸಾರಿದ್ದೆಲ್ಲ ಸುಳ್ಳಾಗುತ್ತದೆ. ಹೌದು ಎಂದರೆ ಅದೇ ದೇವರ ಕೈಗೆ ಅವನೂ ಬೀಳಬೇಕು.

“ಇಲ್ಲವಾ” ಎಂದ. ಈ ಸಲ ರಾಗವಿರಲಿಲ್ಲ. ಪಕ್ಕದಲ್ಲಿದ್ದವರಿಗಷ್ಟೇ ಕೇಳುವ ಸಣ್ಣ ಮುದುಕನ ದನಿ. “ಕೊಲ್ಲಲಿಲ್ಲ. ನಾ ಸುಳ್ಳ ಹೇಳಿದೆ.”

“ಹಂಗಾರ ಯಾಕ ಸತ್ತಳು?”

“ಗೊತ್ತಿಲ್ಲ.”

ಯಾಕೋಬಪ್ಪನ ಬಾಯಿಂದ ಆ ಮಾತನ್ನು ರೇಣಮ್ಮ ಕೇಳಿದ್ದು ಅದೇ ಮೊದಲು. ಮೌನಮ್ಮ ಕಣ್ಣು ಮುಚ್ಚಿದಳು. ಆಮೇಲೆ, “ಬಿಸಲಾಗ ಕುಂದರಿಸಿದ್ರಿ ಆಕಿನ್ನ” ಎಂದಳು. “ಸಾಯೂ ಕೂಸು ಸಾಯ್ತಿತ್ತೇನೋ. ನೆರಳಾಗ ಸಾಯ್ತಿತ್ತು. ನನ್ನ ತೊಡಿ ಮ್ಯಾಲ, ಮನ್ಯಾಗ ಸಾಯ್ತಿತ್ತು. ಆ ಒಂದಿನ ಕಸಗೊಂಡವರು ನೀವು. ಹೋಗ್ರಿ ಇನ್ನ.”

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೇಳುವ ಧೈರ್ಯ ಅವನಿಗೂ ಇರಲಿಲ್ಲ. ಬಂಡಿಯಲ್ಲಿ ಹಿಂದಿರುಗುವಾಗ ಅವನು ಹುಲ್ಲಿನ ಹೊರೆಗೆ ಒರಗಿ ಕೂತಿದ್ದ. “ಐತವಾರ ಎಲ್ಲಾರ ಮುಂದ ಹೇಳ್ತೀನಿ ವಾ” ಎಂದ.

ಐತವಾರ ಗುಡಿ ತುಂಬಿತ್ತು. ತಿಂಗಳ ಮೇಲೆ ಉಪದೇಶಿ ಎದ್ದು ನಿಂತಿದ್ದಾನೆಂದು ನೋಡಲು, ಎಂದೂ ಗುಡಿಗೆ ಬಾರದವರೂ ಬಂದಿದ್ದರು. ಗಂಡಸರು ಈ ಕಡೆ, ಹೆಂಗಸರು ಆ ಕಡೆ. ಯಾಕೋಬಪ್ಪ ಬಿಳಿ ಕೋಟು ತೊಟ್ಟು ಕೋಲೂರಿ ನಿಂತ. ಮೊದಮೊದಲು ಸರಿಯಾಗಿಯೇ ಹೇಳಿದ. ತಾನು ತಪ್ಪು ಮಾಡಿದೆ, ಸುಳ್ಳು ಸಾರಿದೆ ಎಂದ. ಗುಡಿಯಲ್ಲಿ ಗುಸುಗುಸು ಎದ್ದಿತು. ಜನ ಕಿವಿಗೊಟ್ಟದ್ದೇ ತಡ, ಅವನ ಬೆನ್ನು ನೆಟ್ಟಗಾಯಿತು, ದನಿ ಏರಿತು, ಕೈ ಮೇಲೆ ಹೋಯಿತು.

“ಬೋನಾಳ ಕೆರಿ ದಂಡ್ಯಾಗ ನಾ ಬಿದ್ದೆ! ಮುಂದ ಕುಂತಾಕಿ ಯಾರು? ದೇವರನ್ನ ಬಿಟ್ಟು ಹೋದಾಕಿ, ಮೀನು ಮಾರಾಕಿ! ಆಕಿ ಮುಂದ ಈ ಯಾಕೋಬಪ್ಪ ಕೆಸರಾಗ ಬಿದ್ದ! ನೋಡ್ರಿ, ದೇವರು ತನ್ನ ಸೇವಕನ್ನ ಹೆಂಗ ಬಗ್ಗಸ್ತಾನ! ಹುಳ ಕಳಿಸಿ ಬಗ್ಗಿಸಿದ! ನೀವು ಬಗ್ಗಲಿಲ್ಲಂದರ—”

ತುಟಿಯ ಮೂಲೆಗೆ ನೊರೆ ಕಟ್ಟಿತ್ತು. ಮುಂದಿನ ಸಾಲಿನ ಹೆಂಗಸರ ಮುಖದಲ್ಲಿ ಹಳೆಯ ನಡುಕ ಮೂಡುತ್ತಿತ್ತು. ರೇಣಮ್ಮನಿಗೆ ಮೈಯೆಲ್ಲ ಲೋಳೆ ಮೆತ್ತಿದ ಹಾಗಾಯಿತು. ಮಲ್ಲಿಯ ದೃಷ್ಟಾಂತ ಮುಗಿದಿತ್ತು, ಇನ್ನು ಮೇಲೆ ಇಪ್ಪತ್ತು ಹಳ್ಳಿಯಲ್ಲಿ ಮೌನಿಯ ಕೆರೆದಂಡೆಯೇ ದೃಷ್ಟಾಂತ.

ಅವಳು ಎದ್ದು ನಿಂತಳು. ಹೆಂಗಸೊಬ್ಬಳು ಆ ಗುಡಿಯಲ್ಲಿ ಹಾಡುವುದಕ್ಕಲ್ಲದೆ ಬೇರೆ ಯಾವುದಕ್ಕೂ ಎದ್ದು ನಿಂತದ್ದಿರಲಿಲ್ಲ.

“ಸಾಕ್ರಿ ಮಾವಾರ. ಕುಂದರ್ರಿ.”

ಯಾಕೋಬಪ್ಪನ ಕೈ ಮೇಲೆಯೇ ನಿಂತಿತು. ಗಂಡಸರ ಕಡೆಯಿಂದ ಯಾರೋ, “ಏ ರೇಣಿ, ಹುಚ್ಚು ಹಿಡದದೇನು?” ಎಂದರು. ಅವಳು ತಿರುಗಿ ನೋಡಲಿಲ್ಲ. ಮಾವನನ್ನೇ ನೋಡುತ್ತ ನಿಂತಳು. ಅವನು ಸೊಸೆಯ ಕೈ ನೋಡಿದ, ಆಮೇಲೆ ತನ್ನ ಕಾಲು ನೋಡಿದ. ಮೆಲ್ಲಗೆ ಕೈ ಇಳಿಸಿ ಸ್ಟೂಲಿನ ಮೇಲೆ ಕೂತ.

ರೇಣಮ್ಮನಿಗೆ ಮಾತು ಬರುತ್ತಿರಲಿಲ್ಲ, ಬಂದದ್ದಿಷ್ಟು: “ಕೂಸಿನ ಹೆಸರು ಮಲ್ಲಿ. ಸಿಡುಬು ಬಂದು ಸತ್ತಳು. ದೇವರು ಕೊಲ್ಲಲಿಲ್ಲ. ಇಷ್ಟ ಹೇಳೂದಿತ್ತು ಇವರು.” ಹೇಳಿ ಸೆರಗು ಹೊದ್ದು ಕೂತಳು.

ಆಮೇಲೆ ಕೇರಿಯಲ್ಲಿ ಮಾತು ಬಹಳವಾದವು. ಅಂಜಿಕೆ ಇಲ್ಲದ ದೇವರು ಎಂಥಾ ದೇವರು, ನಾಳೆ ಮಕ್ಕಳು ಮಾತು ಕೇಳ್ತಾವೇನು ಎಂದು ಹಿರಿಯರು ಕೂಗಾಡಿದರು. ದ್ಯಾವಪ್ಪ ಯಾದಗಿರಿಯಿಂದ ಬಂದವನು ಅಪ್ಪನ ಮಾನ ಕಳೆದೆಯೆಂದು ಎರಡು ದಿನ ಹೆಂಡತಿಯ ಕೈಯಲ್ಲಿ ಉಣ್ಣಲಿಲ್ಲ. ಮೂರನೆಯ ದಿನ ಉಂಡ. ಯಾಕೋಬಪ್ಪ ಕುಂಟುತ್ತ ಹಳ್ಳಿಗೆ ಹೋಗುವುದನ್ನು ಮತ್ತೆ ಶುರು ಮಾಡಿದ. ದೃಷ್ಟಾಂತ ಮಾತ್ರ ಹೇಳುತ್ತಿರಲಿಲ್ಲವಂತೆ. ಮುದುಕನ ಉಪದೇಶ ಸಪ್ಪಗಾಗಿದೆ ಎಂದು ಜನ ಆಡಿಕೊಂಡರು. ರೇಣಮ್ಮ ಅವನ ಧೋತರ ಒಗೆದಳು, ರೊಟ್ಟಿ ಬಡಿದಳು. ಹೇಸಿಕೆ ಹೋಗಲಿಲ್ಲ. ಹೋಗುತ್ತದೆಂದು ಅವಳು ಕಾಯಲೂ ಇಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಒಂದು ದಿನ ನಡೆದುಕೊಂಡೇ ಬೋನಾಳಕ್ಕೆ ಹೋದಳು. ಗುಡಿಯಲ್ಲಿ ನಡೆದದ್ದನ್ನು ತಂಗಿಗೆ ಹೇಳಿದಳು.

“ಹೆಸರು ಹೇಳಿದ್ಯಾ? ಎಲ್ಲಾರ ಮುಂದ?” ಎಂದಳು ಮೌನಮ್ಮ.

“ಹೇಳಿದೆ.”

“ಏನಂದ್ರು?”

“ಗಂಡಸರು ಬೈದ್ರು. ನಾಕೈದು ಮಂದಿ ಹೆಂಗಸರು ಅತ್ರು.”

ಮೌನಮ್ಮ ಒಣಮೀನನ್ನು ಬುಟ್ಟಿಗೆ ಜೋಡಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: “ಅಕ್ಕಾ, ನೀ ಅಂಜತಿಯೇನು ದೇವರಿಗಿ?”

ರೇಣಮ್ಮ ಯಾರಿಗೂ ಹೇಳದ್ದನ್ನು ಹೇಳಿದಳು. ಕಡ್ಡಿ ಬಿಗಿಹಿಡಿದದ್ದು, ಹುಳ ತಂತಿಯಾದದ್ದು, ಅವ್ವ ನೆನಪಾದದ್ದು, ಕೈ ನಡುಗಿದ್ದು. “ಅಂಜತೀನಿ. ಹೊಡಿಯೂದಿಲ್ಲಲ್ಲ ಅಂವ. ಅದಕ್ಕ ಅಂಜತೀನಿ.”

ಮೌನಮ್ಮ ಬುಟ್ಟಿಯ ಮೇಲೆ ಚಾಪೆ ಮುಚ್ಚಿ ಹಗ್ಗ ಬಿಗಿದಳು.

“ನಾನಾಗಿದ್ರ ಜಗ್ಗತಿದ್ದೆ” ಎಂದಳು.

“ಜಗ್ಗತಿದ್ದಿಲ್ಲ ನೀ.”

“ಜಗ್ಗತಿದ್ದೆ ಅಕ್ಕಾ. ಖರೇನ ಜಗ್ಗತಿದ್ದೆ.” ಬುಟ್ಟಿಯ ಕಡೆ ಬಗ್ಗಿ, “ಒಂದು ಕೈ ಹಿಡಿ” ಎಂದಳು. ರೇಣಮ್ಮ ಬುಟ್ಟಿಗೆ ಕೈ ಕೊಟ್ಟು ಅದನ್ನು ತಂಗಿಯ ತಲೆಯ ಮೇಲೆ ಇಟ್ಟಳು. ಹಸಿ ಮಣ್ಣಿನ ದಾರಿಯಲ್ಲಿ ಇಬ್ಬರೂ ಸಂತೆಯ ಕಡೆ ಹೊರಟರು.